ನಮ್ಮ ಕ್ಷೇತ್ರದಲ್ಲಿ ಕಿತ್ತೂರು, ಖಾನಾಪುರ ಯಾಕಿವೆ? ಮುಂದೆ ಉತ್ತರ ಕನ್ನಡ ಕ್ಷೇತ್ರ ಉಳಿಯುತ್ತದೆಯೇ?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಬನವಾಸಿ ಭಾಗದ ಕೃಷಿಕ. ಪಹಣಿ, ಪಡಿತರ ಚೀಟಿ, ಆಸ್ಪತ್ರೆ ಎಲ್ಲದಕ್ಕೂ ಶಿರಸಿಗೇ ಹೋಗುತ್ತೇವೆ. ಆದರೆ ನಮ್ಮ ಶಾಸಕರು ಯಲ್ಲಾಪುರ ಕ್ಷೇತ್ರದವರು. ಲೋಕಸಭೆಗೆ ಬಂದರೆ ಬೆಳಗಾವಿ ಜಿಲ್ಲೆಯ ಕಿತ್ತೂರು, ಖಾನಾಪುರದವರೂ ನಾವೂ ಒಂದೇ ಕ್ಷೇತ್ರ. ಇದೆಲ್ಲ ಜಾತಿ ಲೆಕ್ಕ ಹಾಕಿ ರಾಜಕೀಯದವರು ಮಾಡಿಕೊಂಡಿದ್ದು ಎಂದು ನಮ್ಮೂರಲ್ಲಿ ಕೆಲವರು ಹೇಳುತ್ತಾರೆ. ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುವ ಮುಂದಿನ ವಿಂಗಡಣೆಯಲ್ಲಿ ಕರಾವಳಿ ಉಡುಪಿಗೆ, ಘಟ್ಟದ ಮೇಲಿನ ಭಾಗ ಧಾರವಾಡ, ಹಾವೇರಿಗೆ ಹೋಗಿ ನಮ್ಮ ಕ್ಷೇತ್ರವೇ ಇಲ್ಲವಾಗುತ್ತದೆ ಎಂದೂ ಕೇಳಿಬರುತ್ತದೆ. ಶಿರಸಿ ಜಿಲ್ಲೆಯಾದರೆ ನಮಗೇ ಬೇರೆ ಸಂಸದರು ಸಿಗುತ್ತಾರಂತೆ, ಹೌದೇ? ಹಿಂದೆ ಶಿರಸಿ ಮೀಸಲು ಕ್ಷೇತ್ರವಾಗಿತ್ತು, ಆ ಸರದಿ ಮತ್ತೆ ಬರುತ್ತದೆಯೇ? ಕೊನೆಯದಾಗಿ, ನನ್ನ ಇಬ್ಬರು ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಕ್ಷೇತ್ರದ ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಅವರ ಹೆಸರನ್ನು ಊರಿನ ಮತದಾರರ ಪಟ್ಟಿಯಲ್ಲೇ ಇಟ್ಟಿದ್ದೇವೆ. ಇದು ಸರಿಯೇ? ನಮ್ಮಂಥವರು ಏನು ಮಾಡಬಹುದು?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು, ಆದರೆ ಅವುಗಳ ಹಿಂದಿನ ಅಳುಕು ಒಂದೇ: ನಮ್ಮ ಜಿಲ್ಲೆಯ ಮಾತಿಗೆ ಬೆಲೆ ಕಡಿಮೆಯಾಗುತ್ತಿದೆಯೇ ಎಂಬುದು. ಕಂದಾಯ ಇಲಾಖೆಯ ಚುನಾವಣಾ ಶಾಖೆಯಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಈ ಅಳುಕನ್ನು ಘಟ್ಟದ ಮೇಲೂ ಕೆಳಗೂ ಕೇಳಿದ್ದೇನೆ. ಅದಕ್ಕೆ ಕಾರಣವೂ ಇದೆ. ಆದರೆ ಆ ಕಾರಣವನ್ನು ಜನ ಕಿತ್ತೂರು, ಖಾನಾಪುರದಲ್ಲಿ ಹುಡುಕುತ್ತಾರೆ. ನನ್ನ ತಿಳಿವಳಿಕೆಯ ಪ್ರಕಾರ ಅದು ನಮ್ಮ ಜಿಲ್ಲೆಯ ಜನಗಣತಿಯ ಅಂಕಿಗಳಲ್ಲೇ ಇದೆ.

ಮೊದಲು ಈಗಿನ ಸ್ಥಿತಿ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ ನಮ್ಮ ಜಿಲ್ಲೆಯವು. ಖಾನಾಪುರ, ಕಿತ್ತೂರು ಬೆಳಗಾವಿ ಜಿಲ್ಲೆಯವು. ಕರ್ನಾಟಕಕ್ಕೆ ವಿಧಾನಸಭೆಯಲ್ಲಿ 224 ಸ್ಥಾನ, ಲೋಕಸಭೆಯಲ್ಲಿ 28. ಭಾಗಿಸಿದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಒಂದು ವಿಧಾನಸಭಾ ಕ್ಷೇತ್ರವನ್ನು ಸೀಳಿ ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚಲು ಕಾನೂನಿನಲ್ಲಿ ಅವಕಾಶವಿಲ್ಲ. ಈ ಎರಡು ನಿಯಮ ತಲೆಯಲ್ಲಿದ್ದರೆ ಉಳಿದದ್ದು ಕೂಡಿಸಿ ಕಳೆಯುವ ಲೆಕ್ಕ.

ಈಗಿನ ಗೆರೆಗಳನ್ನು ಎಳೆದದ್ದು 2002ರ ಕಾಯ್ದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯಲ್ಲಿ ರಚನೆಯಾದ ಕ್ಷೇತ್ರ ಪುನರ್‌ವಿಂಗಡಣಾ ಆಯೋಗ. ಆಧಾರ 2001ರ ಜನಗಣತಿ. ಆಗ ರಾಜ್ಯದ ಜನಸಂಖ್ಯೆ 5,28,50,562. ಅದನ್ನು 224ರಿಂದ ಭಾಗಿಸಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರಾಸರಿ 2,35,940 ಜನ. ನಮ್ಮ ಜಿಲ್ಲೆಯಲ್ಲಿದ್ದವರು 13,53,644. ಅಂದರೆ ನಮ್ಮ ಪಾಲು 5.74 ಕ್ಷೇತ್ರ. ಅರ್ಧಕ್ಕಿಂತ ಹೆಚ್ಚಿನ ಭಿನ್ನಾಂಕವನ್ನು ಒಂದಾಗಿ ಹಿಡಿಯುವುದರಿಂದ ನಮಗೆ ಆರು ಸಿಕ್ಕಿತು. ಬೆಳಗಾವಿಯಲ್ಲಿ 42,14,505 ಜನ, ಪಾಲು 17.86, ಸಿಕ್ಕಿದ್ದು 18. ಚಿಕ್ಕೋಡಿ ಲೋಕಸಭೆಗೆ ಎಂಟು, ಬೆಳಗಾವಿ ಲೋಕಸಭೆಗೆ ಎಂಟು ಹೋದ ಮೇಲೆ ಅಲ್ಲಿ ಎರಡು ಮಿಕ್ಕವು. ನಮಗೆ ಎರಡು ಕಡಿಮೆ ಬಿದ್ದಿದ್ದವು. ಖಾನಾಪುರದ ಗಡಿ ನಮ್ಮ ಹಳಿಯಾಳ, ಜೋಯಿಡಾಕ್ಕೆ ತಾಗಿದೆ, ಅದರ ಮಗ್ಗುಲಲ್ಲೇ ಕಿತ್ತೂರು. ಮಿಕ್ಕಿದ್ದ ಎರಡು ಕಡಿಮೆ ಬಿದ್ದಲ್ಲಿಗೆ ಸೇರಿದವು.

ಹೀಗಾದದ್ದು ನಮಗೊಬ್ಬರಿಗೇ ಅಲ್ಲ. ಶಿವಮೊಗ್ಗ ಜಿಲ್ಲೆಯ ಏಳಕ್ಕೆ ಉಡುಪಿ ಜಿಲ್ಲೆಯ ಬೈಂದೂರು ಸೇರಿತು. ಧಾರವಾಡದ ಏಳಕ್ಕೆ ಹಾವೇರಿ ಜಿಲ್ಲೆಯ ಶಿಗ್ಗಾಂವಿ, ಬಾಗಲಕೋಟೆಯ ಏಳಕ್ಕೆ ಗದಗ ಜಿಲ್ಲೆಯ ನರಗುಂದ. ಶಿಗ್ಗಾಂವಿ ಬಿಟ್ಟುಕೊಟ್ಟ ಹಾವೇರಿಯ ಐದಕ್ಕೆ ಗದಗ, ರೋಣ, ಶಿರಹಟ್ಟಿ ಬಂದವು. ಎಂಟರ ಮಗ್ಗಿ ಜಿಲ್ಲೆಯ ಗಡಿಗೆ ಸರಿಹೊಂದದ ಕಡೆಯೆಲ್ಲ ಇದೇ ಆಗಿದೆ. ನಮ್ಮೊಂದು ಕ್ಷೇತ್ರವನ್ನು ಮಾತ್ರ ನೋಡಿದಾಗ ಯಾರದ್ದೋ ಹಿಕ್ಮತ್ತು ಕಾಣುತ್ತದೆ, ಇಡೀ ರಾಜ್ಯದ ನಕ್ಷೆ ಹರವಿಕೊಂಡು ಕೂತರೆ ಆ ಸಂಶಯ ಬಹುಪಾಲು ಇಳಿಯುತ್ತದೆ.

ಇನ್ನೊಂದನ್ನು ನಮ್ಮವರು ಮರೆಯುತ್ತಾರೆ. ಆಡಳಿತದ ದೃಷ್ಟಿಯಲ್ಲಿ ನಮ್ಮ ಜಿಲ್ಲೆಗೆ ಉಡುಪಿ, ಮಂಗಳೂರಿಗಿಂತ ಬೆಳಗಾವಿಯ ನಂಟೇ ಹಳೆಯದು. 1799ರಲ್ಲಿ ಟಿಪ್ಪುವಿನ ಪತನದ ನಂತರ ಇಡೀ ಕೆನರಾ ಬ್ರಿಟಿಷರ ವಶವಾಗಿ ಮದರಾಸಿಗೆ ಸೇರಿತು. ಮುಂದೆ ಅದು ಉತ್ತರ, ದಕ್ಷಿಣ ಎಂದು ಎರಡಾಗಿ, 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತ್ಯಕ್ಕೆ ಬಂತು, ಕಾರವಾರ ಜಿಲ್ಲಾ ಕೇಂದ್ರವಾಯಿತು. 1956ರ ನವೆಂಬರ್ 1ರವರೆಗೂ ಬೆಳಗಾವಿ, ಧಾರವಾಡ, ಬಿಜಾಪುರದ ಜತೆ ನಾವೂ ಮುಂಬಯಿಯಲ್ಲೇ ಇದ್ದೆವು. ದಕ್ಷಿಣ ಕನ್ನಡ ಆ ಹೊತ್ತೆಲ್ಲ ಮದರಾಸಿನಲ್ಲಿತ್ತು. ಇವತ್ತಿಗೂ ನಾವು ಬೆಳಗಾವಿ ಕಂದಾಯ ವಿಭಾಗಕ್ಕೆ ಸೇರಿದವರು. ಹೈಕೋರ್ಟ್ ಕೆಲಸಕ್ಕೆ ಧಾರವಾಡ ಪೀಠಕ್ಕೆ ಹೋಗುತ್ತೇವೆ. ಶಿರಸಿಯಲ್ಲಿ ನೀವು ಹತ್ತುವ ಬಸ್ಸು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಸಾರಿಗೆಯದ್ದು. ಖಾನಾಪುರವಂತೂ ಮಳೆ, ಕಾಡು, ಗವಳಿ ದೊಡ್ಡಿಗಳಲ್ಲಿ ಜೋಯಿಡಾದ ಮುಂದುವರಿದ ಭಾಗದಂತೆಯೇ ಇದೆ. ಕಿತ್ತೂರಿನ ಕಪ್ಪು ನೆಲ ಬೇರೆ, ಬೆಳೆ ಬೇರೆ, ಅಲ್ಲಿನ ಅಹವಾಲೂ ಬೇರೆ. ಅಷ್ಟನ್ನು ನಾನೂ ಒಪ್ಪುತ್ತೇನೆ.

ಹಾಗಾದರೆ ಅವರು ನಮ್ಮ ಸಂಸದರನ್ನು ನಿರ್ಧರಿಸುತ್ತಾರೆಯೇ? ಎಂಟರಲ್ಲಿ ಆರು ನಮ್ಮವೇ. 2024ರಲ್ಲಿ ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದರು; ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಬಿಜೆಪಿಯಿಂದ 3,37,428 ಮತಗಳ ಅಂತರದಲ್ಲಿ ಗೆದ್ದರು. ಅಂಥ ಅಂತರವಿದ್ದಾಗ ಎರಡು ಕ್ಷೇತ್ರಗಳು ಇತ್ತ ವಾಲಿದರೂ ಅತ್ತ ವಾಲಿದರೂ ಫಲಿತಾಂಶ ಬದಲಾಗುವುದು ಕಷ್ಟ. 2009ರಂಥ ಚುನಾವಣೆಯ ಮಾತು ಬೇರೆ. ಆಗ ಅನಂತಕುಮಾರ ಹೆಗಡೆ ಮಾರ್ಗರೆಟ್ ಆಳ್ವಾ ವಿರುದ್ಧ ಗೆದ್ದದ್ದು 22,769 ಮತಗಳಿಂದ. ಪೈಪೋಟಿ ಅಷ್ಟು ಬಿಗಿಯಾದಾಗ ಎಂಟರಲ್ಲಿ ಯಾವ ಕ್ಷೇತ್ರವೂ ನಿರ್ಣಾಯಕವೇ. ಕಿತ್ತೂರು ಎಷ್ಟೋ ಭಟ್ಕಳವೂ ಅಷ್ಟೇ, ನಿಮ್ಮ ಯಲ್ಲಾಪುರವೂ ಅಷ್ಟೇ.

ನಿಜವಾದ ತೊಡಕು ಮತದ ಲೆಕ್ಕಕ್ಕಿಂತ ಸಂಸದರ ದೈನಂದಿನ ಕೆಲಸದಲ್ಲಿದೆ. ಭಟ್ಕಳದ ಮೀನುಗಾರರ ಬಂದರಿನ ಅರ್ಜಿ, ಶಿರಸಿಯ ಬೆಟ್ಟ ಭೂಮಿ (ತೋಟಕ್ಕೆ ಸೊಪ್ಪು ತರುವ ಕಾಡು) ಮತ್ತು ಅಡಿಕೆಯ ಸಮಸ್ಯೆ, ಕಾರವಾರ, ಯಲ್ಲಾಪುರದ ಕಡೆ ಸೀಬರ್ಡ್ ನೌಕಾನೆಲೆಗೆ, ಕದ್ರಾ ಕೊಡಸಳ್ಳಿ ಅಣೆಕಟ್ಟುಗಳಿಗೆ, ಕೈಗಾ ಅಣುಸ್ಥಾವರಕ್ಕೆ ಜಾಗ ಬಿಟ್ಟುಕೊಟ್ಟವರ ಅಹವಾಲು, ಖಾನಾಪುರದ ಕಳಸಾ-ಬಂಡೂರಿ ನೀರಿನ ಯೋಜನೆ, ಕಿತ್ತೂರಿನ ರೈತರ ಬೆಳೆ ವಿಮೆ, ಎಲ್ಲವೂ ಒಂದೇ ಮೇಜಿಗೆ ಬಂದು ಬೀಳುತ್ತವೆ. ಇಬ್ಬರು ಜಿಲ್ಲಾಧಿಕಾರಿಗಳು, ಎರಡು ಜಿಲ್ಲಾ ಪಂಚಾಯಿತಿಗಳು, ಎರಡು ಕಡೆ ಪರಿಶೀಲನಾ ಸಭೆಗಳು. ಸಂಸದರ ಪ್ರದೇಶಾಭಿವೃದ್ಧಿ ನಿಧಿ ಮಾತ್ರ ಎಲ್ಲ ಸಂಸದರಿಗೂ ವರ್ಷಕ್ಕೆ 5 ಕೋಟಿಯೇ. ಬೆಂಗಳೂರಿನಲ್ಲಿ ಅರ್ಧ ತಾಸಿನಲ್ಲಿ ದಾಟಬಹುದಾದ ಕ್ಷೇತ್ರಕ್ಕೂ ಅಷ್ಟೇ, ಅರಬೈಲು, ಅಣಶಿ, ದೇವಿಮನೆ ಎಂದು ಘಟ್ಟದ ಮೇಲೆ ಘಟ್ಟ ಇಳಿಯಬೇಕಾದ ನಮ್ಮ ಕ್ಷೇತ್ರಕ್ಕೂ ಅಷ್ಟೇ. ಮತದಾನ ಮುಗಿದ ರಾತ್ರಿ ಕಿತ್ತೂರು ಕಡೆಯ ಮತಯಂತ್ರಗಳನ್ನು ಹೊತ್ತ ಲಾರಿಗಳು ಬೆಂಗಾವಲಿನೊಂದಿಗೆ ಕುಮಟಾದ ಎಣಿಕೆ ಕೇಂದ್ರಕ್ಕೆ ಘಟ್ಟ ಇಳಿದು ಬರುತ್ತವೆ. ಎಲ್ಲ ಪೆಟ್ಟಿಗೆಗಳೂ ಸ್ಟ್ರಾಂಗ್ ರೂಮ್ ಸೇರಿ ಬಾಗಿಲಿಗೆ ಸೀಲು ಬೀಳುವ ತನಕ ನಮ್ಮ ಸಿಬ್ಬಂದಿ ಕಣ್ಣು ಮುಚ್ಚುವಂತಿರಲಿಲ್ಲ. ಈ ಕ್ಷೇತ್ರದ ಅಗಲ ಎಷ್ಟೆಂದು ಆ ರಾತ್ರಿ ತಿಳಿಯುತ್ತದೆ.

ಜಾತಿ ಲೆಕ್ಕದ ವಿಷಯ. ಚುನಾವಣೆ ಹತ್ತಿರವಾದಾಗ ಇಂಥ ಸಮುದಾಯದವರು ಇಷ್ಟು ಲಕ್ಷ ಎಂಬ ಪಟ್ಟಿಗಳು ಓಡಾಡುತ್ತವಲ್ಲ, ಆ ಅಂಕಿಗಳನ್ನು ಆಯೋಗ ನೋಡುವುದಿಲ್ಲ. ನೋಡಲು ಅದರ ಬಳಿ ಅವು ಇರಲೂ ಇಲ್ಲ. 1931ರ ನಂತರ 2011ರವರೆಗಿನ ಜನಗಣತಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳನ್ನು ಬಿಟ್ಟು ಬೇರೆ ಜಾತಿಗಳ ಎಣಿಕೆ ಪ್ರಕಟವಾಗಿಲ್ಲ. ಪತ್ರಿಕೆಯಲ್ಲಿ ನೀವು ಓದುವುದು ಪಕ್ಷಗಳ ಅಂದಾಜು. ಆದರೆ ಕ್ಷೇತ್ರದ ಜನರ ಹದ ಹೇಗಿದೆ ಎಂದು ಕೇಳಿದರೆ ಖಂಡಿತ ಹೇಳಬಹುದು. ಘಟ್ಟದ ಕೆಳಗೆ ನಾಮಧಾರಿಗಳು, ಹಾಲಕ್ಕಿ ಒಕ್ಕಲಿಗರು, ಖಾರ್ವಿ, ಹರಿಕಂತ್ರ, ಮೊಗೇರರಂಥ ಮೀನುಗಾರ ಸಮುದಾಯಗಳು, ಕೊಂಕಣಿ ಆಡುವ ಸಾರಸ್ವತರು ಮತ್ತು ಕ್ರೈಸ್ತರು, ಭಟ್ಕಳದ ನವಾಯತರು. ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹವ್ಯಕರು, ನಾಮಧಾರಿಗಳು. ಮುಂಡಗೋಡ, ಹಳಿಯಾಳದ ಕಡೆ ಲಿಂಗಾಯತರು, ಮರಾಠರು, ಮುಸ್ಲಿಮರು, ಗೌಳಿಗಳು, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಗಳು. ಖಾನಾಪುರದಲ್ಲಿ ಮರಾಠಿ ಮಾತು ಹೆಚ್ಚು, ಕಿತ್ತೂರಿನಲ್ಲಿ ಲಿಂಗಾಯತರು ಹೆಚ್ಚು. ಯಾವ ಒಂದು ಸಮುದಾಯವೂ ತಾನೊಂದೇ ನಿಂತು ಇಲ್ಲಿ ಗೆಲ್ಲಿಸಲಾರದು.

ಇದಕ್ಕೆ ಕ್ಷೇತ್ರದ ಚರಿತ್ರೆಯೇ ಸಾಕ್ಷಿ. 1952ರಿಂದ 2024ರವರೆಗೆ ಹದಿನೆಂಟು ಸಾರ್ವತ್ರಿಕ ಚುನಾವಣೆಗಳಲ್ಲಿ ಗೆದ್ದವರು ಎಂಟೇ ಜನ. ಮೊದಲ ಮೂರು ಸಲ ಕಾಂಗ್ರೆಸ್ಸಿನ ಜೋಕಿಂ ಆಳ್ವಾ. ಮೊದಲ ಸಲ ಅವರು ಹೋದದ್ದು ಮುಂಬಯಿ ರಾಜ್ಯದ ಕೆನರಾ ಕ್ಷೇತ್ರದಿಂದ, ಮುಂದಿನ ಎರಡು ಸಲ ಮೈಸೂರು ರಾಜ್ಯದಿಂದ. ಕ್ರೈಸ್ತರು ಈ ಜಿಲ್ಲೆಯಲ್ಲಿ ಎಂದೂ ಬಹುಸಂಖ್ಯಾತರಲ್ಲ, ಆದರೂ ಹದಿನೈದು ವರ್ಷ ಜನ ಅವರನ್ನೇ ಕಳಿಸಿದರು. 1967ರಲ್ಲಿ ಅಂಕೋಲೆಯ ದಿನಕರ ದೇಸಾಯಿ ಪಕ್ಷೇತರರಾಗಿ ನಿಂತು ಗೆದ್ದರು. ಈ ಗೆಲುವಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅವರ ಬೆನ್ನಿಗೆ ಪಕ್ಷವಿರಲಿಲ್ಲ, ಇದ್ದದ್ದು ಮೂರು ದಶಕಗಳ ಕೆಲಸ: ಗೇಣಿದಾರರನ್ನು ಕಟ್ಟಿಕೊಂಡು ನಡೆಸಿದ ರೈತ ಹೋರಾಟ, ಅದಕ್ಕಾಗಿ ಬ್ರಿಟಿಷ್ ಸರಕಾರದಿಂದ ಜಿಲ್ಲೆಯಿಂದಲೇ ಗಡಿಪಾರು, 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್, ಹೈಸ್ಕೂಲೇ ಇಲ್ಲದ ಊರುಗಳಲ್ಲಿ ಅದು ತೆರೆದ ಶಾಲೆಗಳು. ಚುಟುಕು ಬರೆದ ಕವಿ ಎಂದು ನಾಡಿಗೆಲ್ಲ ಅವರ ಪರಿಚಯ, ಇಲ್ಲಿನ ಗೇಣಿ ರೈತರ ಮನೆಗಳಲ್ಲಿ ಮಗನನ್ನು ಓದಿಸಿದ ದೇಸಾಯರು ಎಂದು ಪರಿಚಯ. ಪಕ್ಷವನ್ನೂ ಜಾತಿಯನ್ನೂ ಬದಿಗಿಟ್ಟು ಕೆಲಸ ನೋಡಿ ಮತ ಹಾಕುವ ಶಕ್ತಿ ಈ ಕ್ಷೇತ್ರಕ್ಕೆ ಇತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ನಂತರ 1971ರಲ್ಲಿ ಬಿ.ವಿ. ನಾಯಕ, 1977ರಲ್ಲಿ ಬಿ.ಪಿ. ಕದಂ, 1980ರಿಂದ ನಾಲ್ಕು ಸಲ ಜಿ. ದೇವರಾಯ ನಾಯ್ಕ, ಎಲ್ಲರೂ ಕಾಂಗ್ರೆಸ್. 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರೇ ಇಲ್ಲಿ ಕಣಕ್ಕಿಳಿದಿದ್ದರು, ಸೋತರು. 1996ರಲ್ಲಿ ಅನಂತಕುಮಾರ ಹೆಗಡೆ ಬಿಜೆಪಿಗೆ ಈ ಸ್ಥಾನವನ್ನು ಗೆದ್ದುಕೊಟ್ಟರು. 1999ರಲ್ಲಿ ಜೋಕಿಂ ಆಳ್ವರ ಸೊಸೆ ಮಾರ್ಗರೆಟ್ ಆಳ್ವಾ ಗೆದ್ದ ಒಂದು ಅವಧಿ ಬಿಟ್ಟರೆ ಅಲ್ಲಿಂದ 2019ರವರೆಗೆ ಹೆಗಡೆಯವರೇ, ಒಟ್ಟು ಆರು ಸಲ. ದಾಖಲೆಗಳಲ್ಲಿ 2008ರವರೆಗೂ ಕ್ಷೇತ್ರದ ಹೆಸರು ಕೆನರಾ ಎಂದೇ ಇತ್ತು.

ಈಗ ನಿಮ್ಮ ಬನವಾಸಿಗೆ ಬರೋಣ. ನೀವು ಯಲ್ಲಾಪುರಕ್ಕೆ ಸೇರಿದ್ದೂ ಅದೇ ಸರಾಸರಿಯ ಕಾರಣದಿಂದ. 2008ಕ್ಕೆ ಮೊದಲು ಯಲ್ಲಾಪುರ ಎಂಬ ಕ್ಷೇತ್ರವೇ ಇರಲಿಲ್ಲ, ಅಂಕೋಲಾ ಎಂಬುದೊಂದಿತ್ತು. ಹೊಸ ವಿಂಗಡಣೆಯಲ್ಲಿ ಆ ಹೆಸರು ಹೋಗಿ ಅಂಕೋಲಾ ಕಾರವಾರದ ಜತೆಯಾಯಿತು; ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳನ್ನು ಕೂಡಿಸಿ ಹೊಸ ಕ್ಷೇತ್ರ ಮಾಡಿದರು. ಎರಡೂ ಕಾಡು ಹೆಚ್ಚು, ಜನ ಕಡಿಮೆ ಇರುವ ತಾಲ್ಲೂಕುಗಳು. ಒಟ್ಟುಗೂಡಿಸಿದರೂ 2 ಲಕ್ಷ ಮುಟ್ಟುತ್ತಿರಲಿಲ್ಲ. ಸರಾಸರಿಗಿಂತ ಶೇ. 10ರಷ್ಟು ಹೆಚ್ಚುಕಡಿಮೆಯನ್ನು ಮಾತ್ರ ಆಯೋಗ ಒಪ್ಪುತ್ತಿತ್ತು. ಇತ್ತ ಶಿರಸಿ ಮತ್ತು ಸಿದ್ದಾಪುರ ಸೇರಿದರೆ ಸರಾಸರಿಯನ್ನು ಮೀರುತ್ತಿತ್ತು. ಹಾಗಾಗಿ ಮುಂಡಗೋಡದ ಕಡೆಗೆ ಹೊಂದಿಕೊಂಡ ಬನವಾಸಿ ಭಾಗವನ್ನು ಅತ್ತ ಕೊಟ್ಟರು. ಹೊನ್ನಾವರ ತಾಲ್ಲೂಕಿನದೂ ಇದೇ ಕತೆ, ಒಂದಷ್ಟು ಕುಮಟಾಕ್ಕೆ, ಇನ್ನೊಂದಷ್ಟು ಭಟ್ಕಳಕ್ಕೆ. ಪಹಣಿಗೆ ಒಂದು ಊರು, ಶಾಸಕರಿಗೆ ಇನ್ನೊಂದು ಊರು ಎಂದು ಓಡಾಡುವ ಕಷ್ಟ ನಿಜವಾದದ್ದು. ಆಯೋಗದ ಮುಂದೆ ಹೇಳಬೇಕಾದ ಮಾತು ಅದೇ, ಮುಂದೆ ಅದಕ್ಕೆ ಬರುತ್ತೇನೆ.

ಮೀಸಲಾತಿಗೆ ಸರದಿ ಎಂಬುದಿಲ್ಲ. ಗ್ರಾಮ ಪಂಚಾಯಿತಿ, ಪುರಸಭೆಗಳಲ್ಲಿ ಸರದಿ ಇರುವುದರಿಂದ ಈ ಗೊಂದಲ. ವಿಧಾನಸಭೆಯಲ್ಲಿ ಪರಿಶಿಷ್ಟ ಜಾತಿಯ ಸ್ಥಾನಗಳನ್ನು ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹರಡಿ, ಆಯಾ ಭಾಗದಲ್ಲಿ ಅವರ ಪ್ರಮಾಣ ಹೆಚ್ಚಿರುವಲ್ಲಿ ಗುರುತಿಸುತ್ತಾರೆ. ಒಮ್ಮೆ ಗುರುತಿಸಿದರೆ ಮುಂದಿನ ವಿಂಗಡಣೆಯವರೆಗೂ ಅದೇ. ಶಿರಸಿ 2008ರವರೆಗೆ ಮೀಸಲಾಗಿತ್ತು, ಆಮೇಲೆ ಸಾಮಾನ್ಯವಾಯಿತು, ಈಗ ಜಿಲ್ಲೆಯಲ್ಲಿ ಒಂದೂ ಮೀಸಲು ಕ್ಷೇತ್ರವಿಲ್ಲ. ಮುಂದೆ ಬರಬಹುದು, ಬಾರದಿರಬಹುದು. ಅದನ್ನು ಹೇಳಬೇಕಾದದ್ದು ಆಗಿನ ಜನಗಣತಿ. 2023ರ ಸಂವಿಧಾನ ತಿದ್ದುಪಡಿ ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಕೊಟ್ಟಿದೆ, ಅದರಲ್ಲಿ ಮಾತ್ರ ಪ್ರತಿ ವಿಂಗಡಣೆಯ ನಂತರ ಸ್ಥಾನ ಬದಲಾಗುವ ಏರ್ಪಾಡಿದೆ.

ಮುಂದಿನ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. 1976ರ 42ನೇ ತಿದ್ದುಪಡಿ ರಾಜ್ಯಗಳಿಗೆ ಹಂಚಿದ ಸ್ಥಾನಗಳ ಸಂಖ್ಯೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 2001ರ 84ನೇ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಉತ್ತರದ ರಾಜ್ಯಗಳಿಗೆ ಹೆಚ್ಚು, ದಕ್ಷಿಣಕ್ಕೆ ಕಡಿಮೆ ಎಂಬ ಚರ್ಚೆ ನೀವು ದಿನಾ ಕೇಳುವುದೇ. ಕರ್ನಾಟಕದ ಒಳಗೆ ಬೆಂಗಳೂರಿಗೂ ನಮಗೂ ನಡುವೆ ಅದೇ ಆಗುತ್ತಿದೆ ಎಂಬುದನ್ನು ಮಾತ್ರ ಯಾರೂ ಆಡುವುದಿಲ್ಲ.

2001ರಿಂದ 2011ರ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಬೆಳೆಯಿತು, ನಮ್ಮ ಜಿಲ್ಲೆಯದು ಶೇ. 6.2ರಷ್ಟು. 2011ರಲ್ಲಿ ನಾವು 14,37,169 ಜನ, ರಾಜ್ಯ 6,10,95,297. ಅದೇ 224 ಸ್ಥಾನ ಇಟ್ಟುಕೊಂಡು ಭಾಗಿಸಿದರೆ ಸರಾಸರಿ 2,72,747. ನಮ್ಮ ಪಾಲು 5.27. ಮೊದಲು ಮುಕ್ಕಾಲು ಇದ್ದ ಭಿನ್ನಾಂಕ ಕಾಲಿಗೆ ಬಂತು, ಅಂದರೆ ಆರಲ್ಲ, ಐದೇ. ಹಳೆಯ ಪದ್ಧತಿಯನ್ನು ಹಾಗೇ ಹಚ್ಚಿದರೆ ನಮ್ಮ ಒಂದು ವಿಧಾನಸಭಾ ಕ್ಷೇತ್ರ ಕೈಬಿಡುತ್ತದೆ, ಲೋಕಸಭೆಗೆ ಹೊರಗಿನಿಂದ ಎರಡರ ಬದಲು ಮೂರು ತರಬೇಕಾಗುತ್ತದೆ. ರಾಜ್ಯದ ಒಟ್ಟು ಸ್ಥಾನ ಹೆಚ್ಚಿದರೆ ನಮ್ಮ ಅಂಕಿಯೂ ಏರಬಹುದು, ಆದರೆ ಪಾಲು ಏರುವುದಿಲ್ಲ. 2001ರಲ್ಲಿ ರಾಜ್ಯದ ನೂರು ಜನರಲ್ಲಿ 2.56 ಇದ್ದವರು 2011ಕ್ಕೆ 2.35ಕ್ಕೆ ಬಂದೆವು.

ಕಾರಣ ನಿಮ್ಮ ಮನೆಯಲ್ಲೇ ಇದೆ, ನನ್ನ ಮನೆಯಲ್ಲೂ ಇದೆ. ಓದಿದ ಮಕ್ಕಳಿಗೆ ಇಲ್ಲಿ ಕೆಲಸವಿಲ್ಲ. ಘಟ್ಟದ ಮೇಲಿನವರು ಬೆಂಗಳೂರಿಗೆ, ಕಾರವಾರ ಜೋಯಿಡಾದವರು ಗೋವೆಗೆ, ಭಟ್ಕಳದವರು ಕೊಲ್ಲಿ ದೇಶಗಳಿಗೆ, ಹಳಿಯಾಳದವರು ಹುಬ್ಬಳ್ಳಿ ಬೆಳಗಾವಿಗೆ. ಜಿಲ್ಲೆಯ ಬಹುಭಾಗ ಕಾಡು. ಕಾಳಿ, ಶರಾವತಿಯ ಅಣೆಕಟ್ಟು, ಅಣುಸ್ಥಾವರ, ನೌಕಾನೆಲೆ ಎಂದು ದೇಶಕ್ಕೆ ಬೇಕಾದ್ದಕ್ಕೆಲ್ಲ ಜಾಗ ಕೊಟ್ಟೆವು. ಜಾಗ ಕೊಟ್ಟವರ ಮಕ್ಕಳು ಉಳಿಯುವಂಥ ದುಡಿಮೆ ಅಷ್ಟೇ ಪ್ರಮಾಣದಲ್ಲಿ ಬರಲಿಲ್ಲ. ಕುಟುಂಬಗಳೂ ಚಿಕ್ಕವಾದವು. ಗೋಕರ್ಣ, ಯಾಣಕ್ಕೆ ಬರುವ ಪ್ರವಾಸಿಗರು ಲಕ್ಷ ಇರಬಹುದು, ಗಣತಿಯಲ್ಲಿ ಅವರು ನಮ್ಮವರಲ್ಲ.

ಕರಾವಳಿ ಉಡುಪಿಗೆ, ಮೇಲಿನದು ಧಾರವಾಡಕ್ಕೆ ಎಂಬ ಮಾತಿಗೆ ಇವತ್ತು ಯಾವ ಆದೇಶದ ಆಧಾರವೂ ಇಲ್ಲ. ಆದರೆ ಅಸಾಧ್ಯ ಎಂದು ನಾನು ಹೇಳಲಾರೆ. ಒಂದು ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳನ್ನು ಬೇರೆ ಬೇರೆ ಲೋಕಸಭಾ ಕ್ಷೇತ್ರಗಳಿಗೆ ಹಂಚಲು ಕಾನೂನಿನ ಅಡ್ಡಿಯಿಲ್ಲ. ಬೆಳಗಾವಿ ಮೂರು ಪಾಲಾಗಿದೆ. ಉಡುಪಿ ಎರಡಾಗಿದೆ. ಪಾಲು ಕುಗ್ಗಿದ ಜಿಲ್ಲೆ ಇಡಿಯಾಗಿ ಉಳಿಯುವುದು ಕಷ್ಟವಾಗುತ್ತ ಹೋಗುತ್ತದೆ.

ಶಿರಸಿ ಜಿಲ್ಲೆಯಾದರೆ? ಜಿಲ್ಲೆ ಮಾಡುವುದು ರಾಜ್ಯ ಸರಕಾರದ ಕೆಲಸ, ಕ್ಷೇತ್ರದ ಗೆರೆಗೂ ಅದಕ್ಕೂ ತಕ್ಷಣದ ಸಂಬಂಧವಿಲ್ಲ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು, ಕ್ಷೇತ್ರಗಳು ಇದ್ದ ಹಾಗೇ ಇದ್ದವು. ಹೊಸ ಜಿಲ್ಲೆಯಿಂದ ಹೊಸ ಸಂಸದರು ಬರುವುದಿಲ್ಲ. ಆದರೆ ವಿಂಗಡಣೆ ನಡೆಯುವ ಹೊತ್ತಿಗೆ ಜಿಲ್ಲೆ ಎರಡಾಗಿದ್ದರೆ ಲೆಕ್ಕ ಬೇರೆಯಾಗಬಹುದು. ಭಿನ್ನಾಂಕವನ್ನು ಪೂರ್ಣ ಮಾಡುವುದು ಜಿಲ್ಲಾವಾರು. ಕರಾವಳಿಯ ಐದು ತಾಲ್ಲೂಕು ಒಂದು ಕಡೆ, ಘಟ್ಟದ ಮೇಲಿನವು ಒಂದು ಕಡೆ ಎಂದಾದರೆ ಜನ ಹೆಚ್ಚುಕಡಿಮೆ ಸಮಪಾಲು. 5.27ರಲ್ಲಿ ಅರ್ಧ ಎಂದರೆ ಎರಡೂವರೆಗಿಂತ ಮೇಲೆ, ಎರಡೂ ಕಡೆ ಮೂರು ಸಿಗುವ ಸಾಧ್ಯತೆಯಿದೆ. ಒಟ್ಟು ಆರೇ ಉಳಿಯಬಹುದು. ಅಪಾಯವೂ ಅಲ್ಲೇ ಇದೆ. ಮೂರು ಸ್ಥಾನದ ಜಿಲ್ಲೆ ಲೋಕಸಭೆಯ ಲೆಕ್ಕದಲ್ಲಿ ಸದಾ ಬೇರೆಯವರ ಬಾಲ. ಮೂರನ್ನು ಇತ್ತ, ಮೂರನ್ನು ಅತ್ತ ಸೇರಿಸುವುದು ಆಗ ಬಹಳ ಸುಲಭ, ಅಂದರೆ ನೀವು ಹೆದರುತ್ತಿರುವುದೇ ಆಗಬಹುದು. ಜಿಲ್ಲೆಯ ಬೇಡಿಕೆಗೆ ಆಡಳಿತದ ಕಾರಣಗಳು ಗಟ್ಟಿಯಾಗಿಯೇ ಇವೆ, ಆ ಕಾರಣಕ್ಕೆ ಕೇಳಿ. ಸಂಸದರ ಆಸೆಗೆ ಕೇಳಬೇಡಿ.

ಈಗ, ಮಾಡಬಹುದಾದ್ದು. ವಿಂಗಡಣೆ ಜಾರಿಯಲ್ಲಿಲ್ಲದ ಹೊತ್ತಿನಲ್ಲಿ ಬನವಾಸಿಯನ್ನು ಶಿರಸಿಗೆ ಸೇರಿಸಿ ಎಂದು ಜಿಲ್ಲಾಧಿಕಾರಿಗೋ ಚುನಾವಣಾ ಆಯೋಗಕ್ಕೋ ಮನವಿ ಕೊಟ್ಟು ಫಲವಿಲ್ಲ. ಹೆಸರು, ಅಚ್ಚಿನ ತಪ್ಪು ತಿದ್ದುವಷ್ಟೇ ಅಧಿಕಾರ ಚುನಾವಣಾ ಆಯೋಗಕ್ಕಿರುವುದು. ಮತಗಟ್ಟೆ ದೂರವಿದ್ದರೆ ಅದನ್ನು ಬದಲಿಸಲು ಪ್ರತಿ ವರ್ಷ ಪಟ್ಟಿ ಪರಿಷ್ಕರಣೆಯ ಹೊತ್ತಿನಲ್ಲಿ ಕೇಳಬಹುದು, ಅದು ಬೇರೆ ವಿಷಯ. ಪುನರ್‌ವಿಂಗಡಣಾ ಆಯೋಗ ಕೂತಾಗ ಅದರ ಜತೆ ರಾಜ್ಯದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿರುತ್ತಾರೆ. ಅವರಿಗೆ ಮತದ ಹಕ್ಕಿಲ್ಲ, ಆದರೆ ಅವರ ಮಾತು ದಾಖಲಾಗುತ್ತದೆ. ಕರಡು ಪ್ರಕಟವಾಗಿ, ಆಕ್ಷೇಪಣೆಗೆ ದಿನಾಂಕ ಕೊಟ್ಟು, ಬಹಿರಂಗ ಸಭೆ ನಡೆಯುತ್ತದೆ. ಅಂತಿಮ ಆದೇಶ ಬಂದ ಮೇಲೆ ಕೋರ್ಟಿನ ದಾರಿ ಬಹಳ ಕಿರಿದು. ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತದೆ. ತೀರಾ ಮನಸೋಇಚ್ಛೆಯಿಂದ, ಸಂವಿಧಾನದ ಮೌಲ್ಯಗಳಿಗೆ ವಿರುದ್ಧವಾಗಿ ಮಾಡಿದ್ದಾದರೆ ಮಾತ್ರ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹಾಗಾಗಿ ಕರಡಿನ ಮೇಲೆ ಹೇಳುವ ಮಾತೇ ನಿಮ್ಮ ಕೈಯಲ್ಲಿರುವ ಅವಕಾಶ.

ಅಲ್ಲಿ ಏನು ಹೇಳಬೇಕು? ಅನ್ಯಾಯವಾಗಿದೆ, ಪರಂಪರೆಯ ಊರು ಎಂದು ಬರೆದ ಅರ್ಜಿಗಳಿಂದ ಏನೂ ಆಗುವುದಿಲ್ಲ. ಕಾನೂನು ನೋಡು ಎಂದು ಹೇಳಿರುವುದು ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಕರ್ಯ, ಜನರ ಅನುಕೂಲ. ನಮ್ಮ ಜಿಲ್ಲೆಗೆ ಇವು ನಾಲ್ಕೂ ಬಲವಾದ ವಾದಗಳು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಬಂದ್ ಆದಾಗ ಕರಾವಳಿಯೇ ಎರಡು ತುಂಡಾಗಿತ್ತು. ಮಳೆಗಾಲದಲ್ಲಿ ಯಾವ ಘಟ್ಟ ಎಷ್ಟು ದಿನ ಮುಚ್ಚಿರುತ್ತದೆ, ನಿಮ್ಮೂರಿಂದ ಶಿರಸಿಗೆ ಎಷ್ಟು ಬಸ್ಸು, ಯಲ್ಲಾಪುರಕ್ಕೆ ಎಷ್ಟು, ತಾಲ್ಲೂಕು ಕಚೇರಿ ಎಲ್ಲಿ, ಠಾಣೆ ಎಲ್ಲಿ, ಇದನ್ನು ಗ್ರಾಮವಾರು ಜನಸಂಖ್ಯೆಯೊಂದಿಗೆ ಒಂದು ಹಾಳೆಯಲ್ಲಿ ಬರೆದು ಗ್ರಾಮಸಭೆಯ ಠರಾವಿನ ಪ್ರತಿ ಲಗತ್ತಿಸಿ. ಜತೆಗೆ, ಬನವಾಸಿ ಬಿಟ್ಟರೆ ಯಲ್ಲಾಪುರಕ್ಕೆ ಬದಲಿಗೆ ಯಾವ ಭಾಗ ಸೇರಬಹುದು ಎಂಬುದನ್ನೂ ನೀವೇ ಸೂಚಿಸಬೇಕು. ಅದಿಲ್ಲದ ಅರ್ಜಿ ಅರ್ಧ ಅರ್ಜಿ.

ಕಿತ್ತೂರು, ಖಾನಾಪುರ ಬೇಡ ಎಂಬ ಬೇಡಿಕೆಯನ್ನು ನಾನು ಬೆಂಬಲಿಸುವುದಿಲ್ಲ. ಅವು ಹೋದರೆ ಬೇರೆ ಯಾವುದೋ ಬರಲೇಬೇಕು. ಬೈಂದೂರು ಬಂದರೆ ಕರಾವಳಿಗೆ ಒಗ್ಗುತ್ತದೆ, ಆದರೆ ಶಿವಮೊಗ್ಗ ಅದನ್ನು ಬಿಡಬೇಕು. ಕಲಘಟಗಿ, ಹಾನಗಲ್ ಬಂದರೆ ಮುಂಡಗೋಡಕ್ಕೆ ಹತ್ತಿರ, ಭಟ್ಕಳಕ್ಕೆ ಇನ್ನೂ ದೂರ. ಹೊರಗಿನಿಂದ ಯಾವುದು ಸೇರಿದರೂ ಸೇರಲಿ, ಜಿಲ್ಲೆಯೊಳಗಿನ ಕ್ಷೇತ್ರಗಳು ಚದುರದೆ ಒಂದೇ ಲೋಕಸಭೆಯಲ್ಲಿ ಉಳಿಯಲಿ ಎಂಬ ಒಂದೇ ಬೇಡಿಕೆಗೆ ಘಟ್ಟದ ಮೇಲಿನವರೂ ಕೆಳಗಿನವರೂ ಕೂಡಿ ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಮಕ್ಕಳ ವಿಷಯ. ಕ್ಷೇತ್ರದ ಲೆಕ್ಕಕ್ಕೆ ಹಿಡಿಯುವುದು ಜನಗಣತಿಯನ್ನು, ಮತದಾರರ ಪಟ್ಟಿಯನ್ನಲ್ಲ. ಶಾಲೆಗೆ ಹೋಗುವ ಮಗುವೂ ಅಲ್ಲಿ ಒಂದು ತಲೆ; ಮುಂಡಗೋಡದ ಟಿಬೆಟನ್ ಶಿಬಿರದಲ್ಲಿ ಮತದ ಹಕ್ಕಿಲ್ಲದವರೂ ಒಂದು ತಲೆ. ಬೆಂಗಳೂರಿನಲ್ಲಿ ವಾಸವಿರುವ ನಿಮ್ಮ ಮಕ್ಕಳನ್ನು ಗಣತಿದಾರರು ಅಲ್ಲೇ ಎಣಿಸುತ್ತಾರೆ. ಪಟ್ಟಿಯಲ್ಲಿ ಹೆಸರು ಉಳಿಸಿದ್ದರಿಂದ ಬನವಾಸಿಗೆ ಒಂದು ತಲೆಯೂ ಹೆಚ್ಚುವುದಿಲ್ಲ. ಮೇಲಾಗಿ ಸಾಮಾನ್ಯವಾಗಿ ವಾಸವಿರುವಲ್ಲಿ ಮಾತ್ರ ಹೆಸರಿರಬೇಕು ಎಂಬುದು ಕಾನೂನು. ಎರಡೂ ಕಡೆ ಹೆಸರಿದ್ದು ಸುಳ್ಳು ಘೋಷಣೆ ಕೊಟ್ಟಿದ್ದರೆ ಅದು ಶಿಕ್ಷಾರ್ಹ ಅಪರಾಧ. ಅವರು ಅಲ್ಲಿ ನೆಲೆ ನಿಂತಿದ್ದರೆ ನಮೂನೆ 8 ತುಂಬಿ ಹೆಸರು ವರ್ಗಾಯಿಸಿಕೊಳ್ಳಲಿ, ಅಲ್ಲೇ ಮತ ಹಾಕಲಿ. ಗಣತಿದಾರರು ಬನವಾಸಿಯ ನಿಮ್ಮ ಮನೆಗೆ ಬಂದಾಗ ಮಾತ್ರ ತೋಟದ ಕೆಲಸಕ್ಕೆ ಬಂದು ನಿಮ್ಮಲ್ಲೇ ಉಳಿದವರು, ಅಡವಿಯಂಚಿನ ಒಂಟಿ ಮನೆಯವರು, ಹಾಸಿಗೆ ಹಿಡಿದ ಹಿರಿಯರು, ಹುಟ್ಟಿ ತಿಂಗಳೂ ತುಂಬದ ಕೂಸು, ಯಾರೂ ತಪ್ಪಿಹೋಗದಂತೆ ಜತೆಗೆ ನಿಂತು ಹೇಳಿ.